ದಾಡಿ ಬಿಡಲಿಕ್ಕೂ ಕ್ಯಾಪ್ಟನ್ ಅಪ್ಪಣೆ

ಟಿಕೋಟಾದವನಾದ ನಾನು ನೌಕಾಪಡೆಯಲ್ಲಿದ್ದೆ ಎಂದರೆ ಜನ ಇವತ್ತಿಗೂ ಎರಡು ಪ್ರಶ್ನೆ ಕೇಳುತ್ತಾರೆ. ಒಂದು, ‘ನಿಮಗ ಈಸಲಿಕ್ಕೆ ಎಲ್ಲಿ ಬರ್ತಿತ್ರೀ?’ ಇನ್ನೊಂದು, ‘ಹಡಗಿನ್ಯಾಗ ದಾಡಿ ಬಿಡಾಕ ಕೊಡ್ತಾರಂತ, ಖರೇ ಏನು?’ ಮೊದಲನೆಯದಕ್ಕೆ ಉತ್ತರ ಸಣ್ಣದು. ಬಬಲೇಶ್ವರ ನನ್ನ ತಾಯಿಯ ತವರು. ಅಲ್ಲಿನ ತೋಟದ ಬಾವಿಯಲ್ಲಿ ಬೆನ್ನಿಗೆ ಒಣ ಕುಂಬಳಬುರುಡೆ ಕಟ್ಟಿಕೊಂಡು ಈಜು ಕಲಿತವನು ನಾನು. ಎರಡನೆಯ ಪ್ರಶ್ನೆಗೆ ಮಾತ್ರ ಒಂದು ಮಾತಿನಲ್ಲಿ ಉತ್ತರ ಹೇಳಲು ಬರುವುದಿಲ್ಲ.

ಅಂದ ಹಾಗೆ, ನಮ್ಮ ಸೀಮೆಗೂ ಸಮುದ್ರಕ್ಕೂ ನಂಟೇ ಇಲ್ಲ ಎಂದು ತಿಳಿಯಬೇಡಿ. ಗೋವಾ ಬಂದರು ಇದೇ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಅದನ್ನು ಕಿತ್ತುಕೊಂಡ. ಅಲ್ಲಿಂದ ಮುಂದೆ ನಾವು ಕಡಲನ್ನು ಮರೆತೆವು, ಅಷ್ಟೇ.

ವಿಜಯಪುರದ ಸೈನಿಕ ಶಾಲೆ 1963ರಲ್ಲಿ ಆರಂಭವಾದದ್ದು. ಪ್ರತಿ ವರ್ಷ ಹೊಸ ಮಕ್ಕಳನ್ನು ಬಿಡಲು ಬರುವ ತಂದೆ–ತಾಯಂದಿರಲ್ಲಿ ಕೆಲವರು ಪರಿಚಯದವರ ಮೂಲಕ ನನ್ನ ಮನೆಗೂ ಬರುತ್ತಾರೆ. ಹುಡುಗನಿಗೆ ಪರೀಕ್ಷೆಯ ಭಯವಿಲ್ಲ, ಓಟದ ಭಯವಿಲ್ಲ. ಅವನ ದುಃಖವೆಲ್ಲ ಹಣೆಯ ಮೇಲಿನ ಕೂದಲಿನದು. ‘ಯಾಕ ಇಷ್ಟು ಸಣ್ಣ ಮಾಡ್ಬೇಕು?’ ಎಂದು ಕೇಳುತ್ತಾನೆ. ತಂದೆ ‘ಶಿಸ್ತು’ ಎನ್ನುತ್ತಾರೆ. ನನಗೆ ಈ ಉತ್ತರ ಎಂದೂ ಒಪ್ಪಿಗೆಯಾಗಿಲ್ಲ. ಶಿಸ್ತು ಎಂಬ ಪದ ಏನನ್ನೂ ವಿವರಿಸುವುದಿಲ್ಲ; ಮುಂದಿನ ಪ್ರಶ್ನೆಯನ್ನು ಬಾಯಲ್ಲೇ ಅಡಗಿಸುತ್ತದೆ. ಯುದ್ಧದ ಹಡಗಿನ ಮೇಲೆ ಪ್ರತಿಯೊಂದು ನಿಯಮಕ್ಕೂ ಒಂದು ಕಾರಣವಿರುತ್ತದೆ. ಅದನ್ನು ಮಕ್ಕಳಿಗೆ ಹೇಳಿದರೆ ಅವರಿಗೆ ಖಂಡಿತ ಅರ್ಥವಾಗುತ್ತದೆ.

ನಾನು ಸೇರಿದ್ದು 1968ರಲ್ಲಿ. ಟಿಕೋಟಾದಿಂದ ಬಿಜಾಪುರಕ್ಕೆ ಬಸ್ಸು, ಬಿಜಾಪುರದಿಂದ ಸೊಲ್ಲಾಪುರದ ಕಡೆಗೆ ಮೀಟರ್‌ಗೇಜ್ ರೈಲು, ಮುಂದೆ ದೊಡ್ಡ ಗಾಡಿ. ಆಗ ಹುಡುಗರಿಗೆ ತರಬೇತಿ ವಿಶಾಖಪಟ್ಟಣದಲ್ಲಿತ್ತು. ಒಡಿಶಾದ ಚಿಲ್ಕಾ ಸರೋವರದ ದಂಡೆಯ ಐಎನ್‌ಎಸ್ ಚಿಲ್ಕಾ ಆರಂಭವಾದದ್ದು 1980ರಲ್ಲಿ. ಇಂದಿನ ಅಗ್ನಿವೀರ ನಾವಿಕರು ಹೋಗುವುದು ಅಲ್ಲಿಗೆ. ಮೊದಲ ದಿನ ಸಾಲಾಗಿ ಕೂರಿಸಿ ಕೂದಲು ತೆಗೆದರು. ಪಂಜಾಬಿ, ಮಲಯಾಳಿ, ಬಿಹಾರಿ, ನಾನು ಎಲ್ಲರೂ ಕಾಲು ತಾಸಿನಲ್ಲಿ ಒಂದೇ ತರಹದ ಬದನೆಕಾಯಿಗಳಾದೆವು! ಸಿಖ್ಖರ ಕೂದಲು, ದಾಡಿಗಳನ್ನು ಮುಟ್ಟುವಂತಿಲ್ಲ. ಅವರ ಪಗಡಿಯೇ ಅವರ ಸಮವಸ್ತ್ರದ ಭಾಗ.

ರಾಣಿಯ ಕಾಲದ ಕಾನೂನು

ಈಗ ದಾಡಿಯ ವಿಷಯ. ಭಾರತೀಯ ನೌಕಾಪಡೆ ಹಲವು ಸಂಪ್ರದಾಯಗಳನ್ನು ಬ್ರಿಟಿಷರ ನೌಕಾಪಡೆಯಿಂದ ಪಡೆಯಿತು. ಅಲ್ಲಿ 1869ರಲ್ಲಿ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ದಾಡಿಗೆ ಅನುಮತಿ ಸಿಕ್ಕಿತು. ಬರೀ ಮೀಸೆ ಬಿಟ್ಟರೆ ಭೂಸೇನೆಯವರ ಹಾಗೆ ಕಾಣುತ್ತದೆ ಎಂಬುದು ರಾಣಿಯ ಆಕ್ಷೇಪ. ಹೀಗಾಗಿ ಬಿಟ್ಟರೆ ದಾಡಿ–ಮೀಸೆ ಎರಡನ್ನೂ ಬಿಡಬೇಕು, ಇಲ್ಲವಾದರೆ ಮುಖ ನುಣ್ಣಗಿರಬೇಕು ಎಂದಾಯಿತು. ಇದಕ್ಕೆ ನಾವಿಕರ ಭಾಷೆಯಲ್ಲಿ ‘ಫುಲ್ ಸೆಟ್’ ಎನ್ನುತ್ತಿದ್ದರು. ಭೂಸೇನೆಯ ಜವಾನನಿಗೆ ಮೀಸೆ ಹೆಮ್ಮೆ, ಕಡಲಿನವನಿಗೆ ದಾಡಿ ಹೆಮ್ಮೆ.

ಆದರೆ ನಾಲ್ಕು ದಿನ ಸೋಮಾರಿತನದಿಂದ ಶೇವ್ ಮಾಡದೆ ‘ದಾಡಿ ಬಿಟ್ಟಿದ್ದೇನೆ’ ಎನ್ನುವ ಹಾಗಿಲ್ಲ. ಅರ್ಜಿ ಬರೆಯಬೇಕು. ಅದು ನಮ್ಮ ವಿಭಾಗದ ಅಧಿಕಾರಿಯ ಮೂಲಕ ಮೇಲಕ್ಕೆ ಹೋಗುತ್ತದೆ. ನಿಗದಿಯಾದ ದಿನ ಟೋಪಿ ಸರಿಮಾಡಿಕೊಂಡು ಮೇಜಿನ ಮುಂದೆ ಸೆಟೆದು ನಿಲ್ಲಬೇಕು. ‘ಶೇವ್ ನಿಲ್ಲಿಸಲು ಅನುಮತಿ ಕೋರುತ್ತಾನೆ’ ಎಂದು ಗಟ್ಟಿಯಾಗಿ ಓದುತ್ತಾರೆ. ಕ್ಯಾಪ್ಟನ್ ಮುಖ ನೋಡಿ ‘ಮಂಜೂರು’ ಎಂದರೆ ಆಯಿತು. ಕೆಲವು ವಾರಗಳ ನಂತರ ಮತ್ತೆ ತಪಾಸಣೆ. ಬೆಳೆ ಚೆನ್ನಾಗಿ ಬಂದಿದ್ದರೆ ಇಟ್ಟುಕೊಳ್ಳಬಹುದು. ಅಲ್ಲೊಂದು ಇಲ್ಲೊಂದು ಕಡ್ಡಿ ಎದ್ದಿದ್ದರೆ ‘ತೆಗೆದುಬಿಡು’ ಎಂಬ ಹುಕುಂ. ದಾಡಿ ಇದ್ದ ಮುಖಕ್ಕೆ ಗುರುತಿನ ಚೀಟಿಯ ಫೋಟೋ ಕೂಡ ಹೊಸದು ಬೇಕು. ಇನ್ನೂ ಒಂದು ಮಾತು: ಹೀಗೆ ಬಿಟ್ಟ ದಾಡಿಯನ್ನು ತೆಗೆಯಲಿಕ್ಕೂ ಅಪ್ಪಣೆ ಬೇಕು. ಇದು ಮುಂದೆ ನನಗೆ ನಮ್ಮೂರಿನ ಕಟ್ಟೆಯ ಮೇಲೆ ಫಜೀತಿ ತಂದಿತು. ಅದನ್ನು ಆಮೇಲೆ ಹೇಳುತ್ತೇನೆ.

1971ರ ಯುದ್ಧದಲ್ಲಿ ಪೂರ್ವದ ಕಡಲಿನಲ್ಲಿ ಐಎನ್‌ಎಸ್ ಬಿಯಾಸ್ ಹಡಗನ್ನು ನಡೆಸಿ ವೀರಚಕ್ರ ಪಡೆದ ಎಲ್. ರಾಮದಾಸ್ ಮುಂದೆ 1990ರಿಂದ 1993ರವರೆಗೆ ನೌಕಾಪಡೆಯ ಮುಖ್ಯಸ್ಥರಾಗಿದ್ದರು. 2024ರಲ್ಲಿ ತೀರಿಕೊಂಡ ಅವರ ದಾಡಿಯನ್ನು ಪತ್ರಿಕೆಗಳಲ್ಲಿ ನೋಡಿದವರಿಗೆ ನಾನು ಹೇಳುವ ಹೆಮ್ಮೆ ಎಂಥದೆಂದು ತಿಳಿದೀತು. ವಾಯುಪಡೆಯ ಪದ್ಧತಿ ಬೇರೆ. ಅಲ್ಲಿ ಸಿಖ್ಖರನ್ನೂ, ಧರ್ಮದ ಪ್ರಕಾರ ಕೂದಲಿಗೆ ಕತ್ತರಿ ಮುಟ್ಟಿಸದವರನ್ನೂ ಬಿಟ್ಟರೆ ದಾಡಿ ಇಲ್ಲ. ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2016ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ವಾಯುಪಡೆಯ ನಿಯಮವನ್ನೇ ಎತ್ತಿಹಿಡಿಯಿತು. ಒಂದೇ ದೇಶದ ಮೂರು ಪಡೆಗಳಲ್ಲಿ ಇಷ್ಟು ವ್ಯತ್ಯಾಸವೇಕೆ ಎಂದು ಕೇಳಿದರೆ, ನನ್ನ ಮಟ್ಟಿಗೆ ಉತ್ತರ ಒಂದು ತಂಬಿಗೆ ನೀರಿನಲ್ಲಿದೆ.

ಕಡಲ ತುಂಬ ನೀರು, ಮುಖಕ್ಕೆ ಇಲ್ಲ

ನಮ್ಮ ಕಾಲದ ಯುದ್ಧನೌಕೆಗಳಲ್ಲಿ ಬಹಳಷ್ಟು ಉಗಿಯಿಂದ ನಡೆಯುತ್ತಿದ್ದವು. ಸಮುದ್ರದ ನೀರನ್ನು ಕಾಯಿಸಿ, ಆವಿಯನ್ನು ತಂಪು ಮಾಡಿ ಸಿಹಿನೀರು ಮಾಡುವ ಯಂತ್ರ ಹಡಗಿನಲ್ಲೇ ಇರುತ್ತಿತ್ತು. ಆ ನೀರು ಮೊದಲು ಹೋಗುತ್ತಿದ್ದುದು ಮನುಷ್ಯರಿಗಲ್ಲ, ಬಾಯ್ಲರಿಗೆ. ಬಾಯ್ಲರಿನ ನೀರಿನಲ್ಲಿ ಉಪ್ಪು ಸೇರಿದರೆ ಕೊಳವೆಗಳಲ್ಲಿ ಗಾರು ಕಟ್ಟುತ್ತದೆ, ಕೊಳವೆ ಒಡೆಯುತ್ತದೆ. ಶತ್ರುವಿನ ಎದುರು ಉಗಿ ನಿಂತಿತೆಂದರೆ ಹಡಗು ನೀರ ಮೇಲಿನ ಕಬ್ಬಿಣದ ಪೆಟ್ಟಿಗೆ. ಆದ್ದರಿಂದ ಬಾಯ್ಲರ್ ಕುಡಿದ ಮೇಲೆ ಅಡುಗೆಮನೆ, ಅಡುಗೆಮನೆಯ ನಂತರ ನಾವು. ದಿನದಲ್ಲಿ ಇಷ್ಟೇ ಹೊತ್ತು ನಲ್ಲಿ ಬಿಡುತ್ತಾರೆ. ಸ್ನಾನ, ಬಟ್ಟೆ, ಶೇವ್ ಎಲ್ಲ ಅಷ್ಟರಲ್ಲೇ.

ಕೇರಳದ, ಬಂಗಾಳದ ಹುಡುಗರು ಈ ನಿಯಮಕ್ಕೆ ಒದ್ದಾಡಿದರು. ದಿನಕ್ಕೆರಡು ಸಲ ಹೊಳೆಯಲ್ಲೋ ಕೊಳದಲ್ಲೋ ಮುಳುಗಿ ಏಳುವವರು ಅವರು. ನನಗೆ ಕಷ್ಟವೇ ಆಗಲಿಲ್ಲ. ಟಿಕೋಟಾದಲ್ಲಿ ಬೇಸಿಗೆಯಲ್ಲಿ ಅವ್ವ ಒಂದು ಕೊಡದ ನೀರಿನಲ್ಲಿ ಮೂವರು ಮಕ್ಕಳ ಮೈ ತೊಳೆದು, ಉಳಿದದ್ದನ್ನು ಎಮ್ಮೆಗೆ ಇಡುತ್ತಿದ್ದಳು. ಈಗ ಅಲ್ಲಿ ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡುಗಳು ಕಾಣುತ್ತವೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಮೇಲೇರಿ ಬಂದಿದೆ. ಅಂದಿನ ಕಥೆ ಬೇರೆ. ಒಂದು ಚರಿಗೆ ನೀರಿನಲ್ಲಿ ಮುಖ, ಕೈ, ಕಾಲು ಮೂರನ್ನೂ ತೊಳೆಯುವ ವಿದ್ಯೆಯನ್ನು ನನ್ನಿಂದ ಹಡಗಿನ ಹುಡುಗರು ಕಲಿತರು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಸಿಹಿನೀರು ಮುಗಿದರೆ ಉಪ್ಪುನೀರಿನ ಸ್ನಾನ. ಕಡಲ ನೀರಿನಲ್ಲಿ ಸಾಮಾನ್ಯ ಸಾಬೂನು ನೊರೆ ಬಿಡುವುದಿಲ್ಲ, ಮೊಸರಿನ ಗರಣೆಯಂತೆ ಮೈಗೆ ಅಂಟುತ್ತದೆ. ಆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೇ ಇದಕ್ಕೆ ಕಾರಣ. ವಿಜ್ಞಾನದ ಪುಸ್ತಕದಲ್ಲಿ ‘ಗಡಸು ನೀರು’ ಎಂದು ಓದುತ್ತೀರಲ್ಲ, ಅದೇ. ಡೋಣಿ ಸೀಮೆಯ ಸವಳು ನೀರಿನಲ್ಲಿ ಬಟ್ಟೆ ಒಗೆದವರಿಗೆ ಪುಸ್ತಕವೂ ಬೇಕಿಲ್ಲ. ಹಡಗಿನಲ್ಲಿ ಅದಕ್ಕೆಂದೇ ಬೇರೆ ಸಾಬೂನು ಇರುತ್ತಿತ್ತು. ಮೈಗೆ ಹೇಗೋ ಸಾಗುತ್ತಿತ್ತು. ಮುಖಕ್ಕೆ ಮಾತ್ರ ಬೇಡ. ಉಪ್ಪುನೀರಿನಲ್ಲಿ ಶೇವ್ ಮಾಡಿದ ಗಲ್ಲದ ಮೇಲೆ ಕಡಲ ಗಾಳಿ ಬೀಸಿದರೆ ಮೆಣಸಿನಪುಡಿ ಹಚ್ಚಿದ ಹಾಗೆ. ಅದೂ ಹಡಗು ಎಡಕ್ಕೂ ಬಲಕ್ಕೂ ಹೊರಳುವಾಗ, ಮೊಣಕಾಲನ್ನು ತೊಟ್ಟಿಗೆ ಒತ್ತಿಕೊಟ್ಟು, ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದು ಕೈಯಲ್ಲಿ ರೇಜರ್ ಎಳೆಯಬೇಕು! ದಾಡಿಗೆ ಅರ್ಜಿ ಹಾಕುವವರೆಲ್ಲ ಶೋಕಿಗಾಗಿ ಹಾಕುತ್ತಿರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ನಮ್ಮ ದೇಶದ ಮೊದಲ ಸಬ್‌ಮೆರೀನ್ ಕಲ್ವರಿ ನೌಕಾಪಡೆಗೆ ಸೇರಿದ್ದು 1967ರಲ್ಲಿ. ಅದರಲ್ಲಿದ್ದ ಗೆಳೆಯರು ವಾರಗಟ್ಟಲೆ ಸ್ನಾನ, ಶೇವ್ ಎರಡೂ ಇಲ್ಲದೆ ಬಂದರಿಗೆ ಬಂದಾಗ ನಾವು ಗಾಳಿಯ ದಿಕ್ಕು ನೋಡಿ ನಿಲ್ಲುತ್ತಿದ್ದೆವು.

1971ರ ಅಕ್ಟೋಬರ್‌ನಲ್ಲಿ ನಾನೂ ಅರ್ಜಿ ಹಾಕಿದೆ. ಮಂಜೂರಾಯಿತು.

ಡಿಸೆಂಬರ್

ಡಿಸೆಂಬರ್ 3ರ ಸಂಜೆ ಯುದ್ಧ ಶುರುವಾಯಿತು. ನಮ್ಮ ಪಶ್ಚಿಮ ನೌಕಾದಳದ ಮುಖ್ಯ ಹಡಗಿನ ಹೆಸರು ಐಎನ್‌ಎಸ್ ಮೈಸೂರು. ಅದರ ಲಾಂಛನ ನಮ್ಮ ಗಂಡಭೇರುಂಡ. ಕಣ್ಣಿಗೆ ಬಿದ್ದಾಗಲೆಲ್ಲ ಕನ್ನಡದವನಾದ ನನಗೆ ಒಂದು ಬಗೆಯ ಧೈರ್ಯ. ನಾನಿದ್ದದ್ದು ಅದಕ್ಕಿಂತ ಬಹಳ ಸಣ್ಣ ಹಡಗಿನಲ್ಲಿ. 4ರ ರಾತ್ರಿ ನಿರ್ಘಾತ್, ನಿಪಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು ಕರಾಚಿಯ ಬಾಗಿಲಿಗೇ ಹೋಗಿ ಹೊಡೆದು ಬಂದವು. ಡಿಸೆಂಬರ್ 4 ನೌಕಾಪಡೆ ದಿನವಾದದ್ದು ಹಾಗೆ. ಇದನ್ನು ನೀವು ಓದಿರುತ್ತೀರಿ. ಪುಸ್ತಕಗಳಲ್ಲಿ ಇಲ್ಲದ್ದನ್ನು ಹೇಳುತ್ತೇನೆ.

ಯುದ್ಧ ಎಂದ ಕೂಡಲೇ ನಮಗೆ ಬಂದ ಆಜ್ಞೆಗಳಲ್ಲಿ ಹಲವು ಬಟ್ಟೆ, ಮೈ, ಉಗುರುಗಳಿಗೆ ಸಂಬಂಧಿಸಿದವು. ತೋಳು ಮಡಿಸುವಂತಿಲ್ಲ, ಮಣಿಕಟ್ಟಿನವರೆಗೆ ಇಳಿಸಬೇಕು. ಪ್ಯಾಂಟಿನ ತುದಿ ಕಾಲುಚೀಲದೊಳಗೆ ಹೋಗಬೇಕು. ತಲೆಗೆ ಮತ್ತು ಕುತ್ತಿಗೆಗೆ ಬಿಳಿ ಹತ್ತಿಯ ಮುಸುಕು, ಕೈಗೆ ಹತ್ತಿಯ ಉದ್ದ ಕೈಚೀಲ. ಕಣ್ಣು ಮಾತ್ರ ಕಾಣಬೇಕು. ಗುಂಡು ಸಿಡಿದಾಗ ಕ್ಷಣಮಾತ್ರ ಹಬ್ಬುವ ಬೆಂಕಿಯ ಝಳ ತೆರೆದ ಚರ್ಮವನ್ನು ಸುಟ್ಟುಬಿಡುತ್ತದೆ. ಒಂದು ಪದರ ಹತ್ತಿ ನಡುವೆ ಇದ್ದರೆ ಮನುಷ್ಯ ಉಳಿಯುತ್ತಾನೆ. ನೈಲಾನ್ ಬಟ್ಟೆ ಬೇಡವೇ ಬೇಡ. ಇದು ಎಷ್ಟು ದೊಡ್ಡ ಮಾತು ಎಂಬುದು 1982ರ ಫಾಕ್‌ಲೆಂಡ್ ಯುದ್ಧದಲ್ಲಿ ಜಗತ್ತಿಗೇ ತಿಳಿಯಿತು. ಆ ಯುದ್ಧದಲ್ಲಿ ಬ್ರಿಟಿಷ್ ನಾವಿಕರು ತೊಟ್ಟಿದ್ದ ಕೃತಕ ನೂಲಿನ ಬಟ್ಟೆ ಬೆಂಕಿಗೆ ಕರಗಿ ಮೈಗೇ ಅಂಟಿಕೊಂಡಿತು. ನಮ್ಮ ಅಜ್ಜಿ ಒಲೆಯ ಮುಂದೆ ಕೂರುವಾಗ ನೂಲಿನ ಸೀರೆಯನ್ನೇ ಉಡು ಎಂದು ಸೊಸೆಯಂದಿರಿಗೆ ಹೇಳುತ್ತಿದ್ದುದು ನನಗೆ ನೆನಪಿದೆ.

ಇನ್ನೊಂದು ಆಜ್ಞೆ ಕೇಳಿ ಹೊಸಬರು ನಕ್ಕಿದ್ದರು: ಸಾಧ್ಯವಾದರೆ ಸ್ನಾನ ಮಾಡಿ, ಒಗೆದ ಒಳಬಟ್ಟೆ ತೊಟ್ಟುಕೊಳ್ಳಿ. ಸಾಯಲು ಹೋಗುವವರಿಗೆ ಮಡಿಯೇ? ಕಾರಣ ಬೇರೆ. ಚೂರು ತಗುಲಿದಾಗ ಅದು ಬಟ್ಟೆಯ ತುಣುಕನ್ನೂ ಕೊಳೆಯನ್ನೂ ಒಳಗೆ ಎಳೆದುಕೊಂಡು ಹೋಗುತ್ತದೆ. ಗಾಯಕ್ಕಿಂತ ಆಮೇಲಿನ ಕೀವೇ ಎಷ್ಟೋ ಜನರನ್ನು ಕೊಂದಿದೆ. ಹಾಯಿಹಡಗಿನ ಕಾಲದಿಂದಲೂ ನಾವಿಕರು ಕಾಳಗಕ್ಕೆ ಮುಂಚೆ ಶುಭ್ರ ಬಟ್ಟೆ ಹಾಕಿಕೊಳ್ಳುತ್ತ ಬಂದದ್ದು ಇದಕ್ಕೆ. ಉಗುರು ಕತ್ತರಿಸು, ಉಂಗುರ ತೆಗೆದಿಡು ಎಂಬುದೂ ಹೀಗೆಯೇ. ಕಬ್ಬಿಣದ ಏಣಿಯಲ್ಲಿ ಧಡಧಡ ಇಳಿಯುವಾಗ ಉಂಗುರ ಸಿಕ್ಕಿಕೊಂಡರೆ ಬೆರಳೇ ಹೋಗುತ್ತದೆ. ಉದ್ದ ಕೂದಲು ತಿರುಗುವ ಯಂತ್ರಕ್ಕೆ ಸಿಕ್ಕರೆ ಏನಾಗುವುದೆಂದು ಕಬ್ಬಿನ ಗಾಣ ನೋಡಿದವರಿಗೆ ಹೇಳಬೇಕಿಲ್ಲ. ಸೈನಿಕ ಶಾಲೆಯ ಹುಡುಗನ ಪ್ರಶ್ನೆಗೆ ನಾನು ಕೊಡುವ ಮೊದಲ ಉತ್ತರ ಇದೇ. ಹಚ್ಚೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜಾತ್ರೆಯಲ್ಲಿ ತೋಳು, ಕುತ್ತಿಗೆಯ ಮೇಲೆ ಹಾಕಿಸಿಕೊಂಡು ಆಮೇಲೆ ನೇಮಕಾತಿಯಲ್ಲಿ ಅಳಬೇಡಿ. ಮುಂಗೈ ಒಳಬದಿ, ಅಂಗೈ ಹಿಂಬದಿ ಬಿಟ್ಟು ಬೇರೆ ಕಡೆಯ ಹಚ್ಚೆಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಪ್ರಕಟಣೆಯನ್ನು ತಂದೆ–ತಾಯಂದಿರೇ ಒಮ್ಮೆ ಪೂರ್ತಿ ಓದುವುದು ಒಳ್ಳೆಯದು.

ಹಾಗಾದರೆ ಯುದ್ಧದಲ್ಲಿ ದಾಡಿ ಒಳ್ಳೆಯದೋ ಕೆಟ್ಟದ್ದೋ? ಇಲ್ಲಿ ಎರಡು ನ್ಯಾಯಗಳು ಎದುರಾಗುತ್ತವೆ. ನೀರಿನ ಲೆಕ್ಕದಲ್ಲಿ ದಾಡಿ ಒಳ್ಳೆಯದು, ಉಸಿರಿನ ಲೆಕ್ಕದಲ್ಲಿ ಅಲ್ಲ. ಹಡಗಿಗೆ ಬೆಂಕಿ ಬಿದ್ದಾಗ ಜನ ಸಾಯುವುದು ಬೆಂಕಿಗಿಂತ ಹೊಗೆಯಿಂದ. ಮುಖವಾಡ ಹಾಕಿಕೊಂಡೇ ಒಳಗೆ ಹೋಗಬೇಕು. ಅದರ ರಬ್ಬರ್ ಅಂಚು ಚರ್ಮಕ್ಕೆ ಅಂಟಿಕೊಳ್ಳಬೇಕು. ನಡುವೆ ಕೂದಲಿದ್ದರೆ ಹೊಗೆ ಒಳಗೆ ಬರುತ್ತದೆ. ಮೊದಲ ಮಹಾಯುದ್ಧದಲ್ಲಿ ವಿಷಾನಿಲ ಬಂದ ಮೇಲೆ ಮುಖದ ಕೂದಲಿನ ಪ್ರಶ್ನೆ ಪ್ರಾಣದ ಪ್ರಶ್ನೆಯೇ ಆಯಿತು. ಬ್ರಿಟಿಷ್ ಭೂಸೇನೆಯಲ್ಲಿ ಮೇಲ್ತುಟಿಯ ಕೂದಲು ಬೋಳಿಸಬಾರದೆಂದೇ ನಿಯಮವಿತ್ತು. ಅದನ್ನು ಕೈಬಿಟ್ಟದ್ದು 1916ರಲ್ಲಿ. ಅಮೆರಿಕದ ನೌಕಾಪಡೆಯ ಅಡ್ಮಿರಲ್ ಜುಮ್‌ವಾಲ್ಟ್ 1970ರಲ್ಲಿ ಎಲ್ಲರಿಗೂ ದಾಡಿ ಬಿಡಲು ಅವಕಾಶ ಕೊಟ್ಟರು. 1984 ಮುಗಿಯುವ ಹೊತ್ತಿಗೆ ಅದು ಮತ್ತೆ ರದ್ದು. ಇತ್ತ ಬ್ರಿಟಿಷ್ ಭೂಸೇನೆ 2024ರಲ್ಲಿ ದಾಡಿಗೆ ಒಪ್ಪಿತು! ಅಲೆಕ್ಸಾಂಡರ್ ತನ್ನ ಸೈನಿಕರ ದಾಡಿ ಬೋಳಿಸಿದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ಶತ್ರುವಿನ ಕೈಗೆ ಹಿಡಿ ಸಿಗಬಾರದೆಂದು. ಎರಡು ಸಾವಿರ ವರ್ಷಗಳಿಂದ ತೀರ್ಮಾನವಾಗದ ವಾದ ಇದು. ನಮ್ಮ ಹಡಗಿನಲ್ಲಿ ಬೆಂಕಿ ಆರಿಸುವ ತಂಡದ ಕೆಲವರು ಯಾರೂ ಹೇಳದೆಯೇ ಅರ್ಜಿ ಕೊಟ್ಟು ದಾಡಿ ತೆಗೆಸಿದರು. ನನ್ನ ಕೆಲಸ ತೋಪಿನ ಹತ್ತಿರ, ಮೇಲೆ ಗಾಳಿಯಲ್ಲಿ. ನನ್ನದು ಉಳಿಯಿತು.

ಡಿಸೆಂಬರ್ 9ರ ರಾತ್ರಿ ದೀವ್ ಹತ್ತಿರದ ಕಡಲಿನಲ್ಲಿ ಪಾಕಿಸ್ತಾನದ ಸಬ್‌ಮೆರೀನ್ ಹಂಗೋರ್ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಇತರರನ್ನು ನೀರಿಗೆ ಕಳಿಸಿ ತಾವು ಹಡಗಿನೊಡನೆಯೇ ಉಳಿದರು. ಮರಣೋತ್ತರ ಮಹಾವೀರಚಕ್ರ ಅವರಿಗೆ ಸಂದಿತು. ಮುಳುಗುವ ಹಡಗಿನಿಂದ ಇಂಧನದ ಎಣ್ಣೆ ಸಮುದ್ರದ ಮೇಲೆ ದಪ್ಪನೆ ಹರಡುತ್ತದೆ. ಕಣ್ಣು, ಮೂಗು, ಕೂದಲು, ದಾಡಿ ಎಲ್ಲವೂ ಕಪ್ಪು. ಅಂಥ ನೀರಿನಿಂದ ಎತ್ತಿದವರಲ್ಲಿ ಯಾರು ಅಧಿಕಾರಿ, ಯಾರು ಅಡುಗೆಯವನು ಎಂದು ಗುರುತಿಸಲು ಬರುವುದಿಲ್ಲ. ಸುದ್ದಿ ತಿಳಿದ ಮರುದಿನ ಬೆಳಿಗ್ಗೆ ನಮ್ಮ ಹಡಗಿನಲ್ಲಿ ನಲ್ಲಿಯ ಮುಂದೆ ಯಾರೂ ಜಗಳವಾಡಲಿಲ್ಲ. ಒಬ್ಬರ ಹಿಂದೆ ಒಬ್ಬರು ನಿಂತು, ಸುಮ್ಮನೆ ಮುಖ ತೊಳೆದು ಕೆಲಸಕ್ಕೆ ಹೋದರು. ಯುದ್ಧದ ದಿನಗಳಲ್ಲಿ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದ ದೃಶ್ಯ ಇದೇ, ತೋಪಿನ ಸದ್ದಲ್ಲ.

ಇಬ್ಬರ ದಾಡಿ

ಇತ್ತ ಟಿಕೋಟಾದಲ್ಲಿ ನನಗೆ ಗೊತ್ತಿಲ್ಲದ ಇನ್ನೊಂದು ದಾಡಿ ಬೆಳೆಯುತ್ತಿತ್ತು. ಯುದ್ಧ ಶುರುವಾದ ಸುದ್ದಿ ರೇಡಿಯೋದಲ್ಲಿ ಕೇಳಿದ ದಿನವೇ ಅಪ್ಪ ಬಿಜಾಪುರಕ್ಕೆ ಹೋಗಿ ಸಿದ್ಧೇಶ್ವರನ ಮುಂದೆ ಹರಕೆ ಹೊತ್ತಿದ್ದ: ಮಗ ಕಣ್ಣಿಗೆ ಬೀಳುವ ತನಕ ಮುಖಕ್ಕೆ ಕತ್ತಿ ತಾಗಿಸುವುದಿಲ್ಲ. ನಮ್ಮ ಪತ್ರಗಳು ಬಾಂಬೆಯ ಫ್ಲೀಟ್ ಮೇಲ್ ಆಫೀಸಿನ ವಿಳಾಸದಿಂದ ಹೋಗುತ್ತಿದ್ದವು. ಎಲ್ಲಿದ್ದೇವೆ ಎಂದು ಬರೆಯುವಂತಿರಲಿಲ್ಲ. ಖುಕ್ರಿಯ ಸುದ್ದಿ ಬಂದಾಗ ಅಪ್ಪ ನನ್ನ ಹಳೆಯ ಪತ್ರ ತೆಗೆದುಕೊಂಡು ಶಾಲೆಯ ಮಾಸ್ತರರ ಮನೆಗೆ ಓಡಿದನಂತೆ. ಅವರು ಹಡಗಿನ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿ, ‘ಇದು ಆ ಹಡಗಲ್ಲ’ ಎಂದರು. ಅಪ್ಪ ಮೂರು ಸಲ ಓದಿಸಿದ. ಇಂಗ್ಲಿಷ್ ಬಾರದವನಿಗೆ ಆ ರಾತ್ರಿ ಹೇಗೆ ಕಳೆದಿರಬೇಕು! ಡಿಸೆಂಬರ್ 17ಕ್ಕೆ ಯುದ್ಧ ನಿಂತಿತು. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ಹೋದಾಗಲೂ ಅಪ್ಪನ ಮುಖದಲ್ಲಿ ದಾಡಿ. ನಾನು ಕ್ಷೇಮ ಎಂಬ ಪತ್ರ ಅಷ್ಟರಲ್ಲಿ ತಲುಪಿತ್ತು. ‘ಕಾಗದ ಕಂಡೀನಿ, ಮಗನ್ನ ಎಲ್ಲಿ ಕಂಡೀನಿ?’ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದನಂತೆ.

ನನಗೆ ರಜೆ ಸಿಕ್ಕದ್ದು 1972ರ ಯುಗಾದಿಯ ಹೊತ್ತಿಗೆ. ಟಿಕೋಟಾದಲ್ಲಿ ಬಸ್ಸಿಳಿದು ಟ್ರಂಕು ಹೆಗಲಿಗೇರಿಸಿದರೆ, ಎದುರಿಗೆ ದಾಡಿಯ ಮುದುಕನೊಬ್ಬ ನನ್ನನ್ನೇ ನೋಡುತ್ತ ನಿಂತಿದ್ದಾನೆ. ಅವನಿಗೆ ದಾಡಿಯ ಹುಡುಗನ ಗುರುತು ಹತ್ತಲಿಲ್ಲ, ನನಗೆ ಅವನ ಗುರುತು ಹತ್ತಲಿಲ್ಲ. ‘ಯಾವೂರಪಾ?’ ಎಂದ. ದನಿ ಕೇಳಿದ ಮೇಲೆ ಟ್ರಂಕು ನನ್ನ ಹೆಗಲ ಮೇಲಿಂದ ಜಾರಿತು.

ಮರುದಿನ ಹಡಪದ ಅಜ್ಜ ಪೆಟ್ಟಿಗೆ ಹಿಡಿದುಕೊಂಡು ಬಂದ. ಓಣಿಯ ಅರ್ಧ ಜನ ಕಟ್ಟೆಯ ಮೇಲೆ ಸೇರಿದ್ದರು. ಅಪ್ಪನ ದಾಡಿ ಇಳಿಯಿತು. ‘ಬಾ, ನೀನೂ ಕೂಡು’ ಎಂದ ಅಜ್ಜ. ನಾನು ಕೂರಲಿಲ್ಲ. ಅವ್ವ, ‘ಯಾಕೋ, ಮನ್ಯಾಗ ಯಾರು ಸತ್ತಾರಂತ ದಾಡಿ ಇಟ್ಕೊಂಡು ತಿರುಗ್ತಿ?’ ಎಂದು ಕಣ್ಣೀರು ತೆಗೆದಳು. ಕ್ಯಾಪ್ಟನ್ ಅಪ್ಪಣೆ ಇಲ್ಲದೆ ತೆಗೆಯುವಂತಿಲ್ಲ, ಗುರುತಿನ ಚೀಟಿಯ ಫೋಟೋದಲ್ಲಿ ದಾಡಿ ಇದೆ ಎಂದು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ‘ಗಲ್ಲ ನಿಂದು, ಕೂದಲಾ ನಿಂದು, ಅಪ್ಪಣಿ ಯಾವನ್ದೋ?’ ಎಂದು ಅಜ್ಜ ಕೇಳಿದಾಗ ಕಟ್ಟೆಯ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅಪ್ಪ ಮಾತ್ರ ನಗಲಿಲ್ಲ. ಬೋಳಾದ ಗಲ್ಲವನ್ನು ಸವರಿಕೊಳ್ಳುತ್ತ, ‘ಇರಲಿ ಬಿಡ್ರೀ, ಅವಂದೂ ಒಂದು ಹರಕಿ’ ಎಂದ. ಬಬಲೇಶ್ವರದ ತವರಿಗೆ ಅವ್ವ ನನ್ನನ್ನು ಕರೆದುಕೊಂಡು ಹೋದದ್ದು ದಾಡಿಯ ಸಮೇತವೇ. ಅಲ್ಲಿಯೂ ಇದೇ ಕಥೆ.

ಹಡಗಿಗೆ ಮರಳಿದ ವಾರದಲ್ಲೇ ಎರಡನೆಯ ಅರ್ಜಿ ಬರೆದೆ. ಕಾರಣ ಎಂಬಲ್ಲಿ ‘ತಾಯಿಯ ಇಚ್ಛೆ’ ಎಂದು ನಮೂದಿಸಿದೆ. ಕ್ಯಾಪ್ಟನ್ ಅದನ್ನು ಓದಿ, ಒಂದು ಕ್ಷಣ ನನ್ನ ಮುಖ ನೋಡಿ, ಏನೂ ಕೇಳದೆ ‘ಮಂಜೂರು’ ಎಂದರು. ಅಂದು ನಲ್ಲಿಯಲ್ಲಿ ಸಿಹಿನೀರು ಬರುತ್ತಿತ್ತು. ಗುರುತಿನ ಚೀಟಿಗೆ ಮತ್ತೆ ಹೊಸ ಫೋಟೋ ಬೇಕಾಯಿತು. ಬಾಂಬೆಯ ಸ್ಟುಡಿಯೋದಲ್ಲಿ ಒಂದು ಪ್ರತಿ ಹೆಚ್ಚಿಗೆ ತೆಗೆಸಿ ಟಿಕೋಟಾಕ್ಕೆ ಅಂಚೆಯಲ್ಲಿ ಹಾಕಿದೆ.